ಕೋಡಿ ಎಲ್ಲಿದೆ ಅಂತ ಮೊದಲು ಕೇಳಿ: ಸಣ್ಣ ಮಣ್ಣೊಡ್ಡುಗಳ ಕಥೆ

ಇವತ್ತಿನ ಮಾತು ದೊಡ್ಡ ಅಣೆಕಟ್ಟಿನ ಬಗ್ಗೆ ಅಲ್ಲ. ಕನ್ನಂಬಾಡಿ, ತುಂಗಭದ್ರಾ, ಭಾಕ್ರಾ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕು ಅಂತಿರೋದು ಎರಡಾಳು, ಮೂರಾಳು ಎತ್ತರದ ಮಣ್ಣಿನ ಒಡ್ಡಿನ ಕಥೆ. ಊರಿನ ಮೇಲ್ಗಡೆ ಹಳ್ಳಕ್ಕೆ ಅಡ್ಡ ಕಟ್ಟಿರ್ತಾರೆ. ಬೇಸಿಗೆಯಲ್ಲಿ ಅದರ ಮೇಲೆ ದನ ಮೇಯುತ್ತೆ, ಮಕ್ಕಳು ಸೈಕಲ್ ಓಡಿಸ್ತಾರೆ. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಅದೊಂದು ಕಟ್ಟಡ ಅಂತಲೇ ಯಾರಿಗೂ ಅನ್ನಿಸಲ್ಲ. ಉಳಿದ ನಾಲ್ಕೈದು ದಿನ ಮಾತ್ರ ಕೆಳಗಿನ ಊರಿನ ಹಣೆಬರಹ ಅದರ ಮೇಲೆ ನಿಂತಿರುತ್ತೆ.

ಈ ವಿಷಯ ಆರಿಸೋಕೆ ನಾನಿರೋ ಜಾಗವೂ ಒಂದು ಕಾರಣ. ದೆಹಲಿಯ ಆರ್.ಕೆ.ಪುರಂ ಅಂದ್ರೆ ನಮ್ಮ ಕನ್ನಡದವರಿಗೆ ಮೊದಲು ನೆನಪಾಗೋದು ಸೆಕ್ಟರ್ 12ರಲ್ಲಿರುವ ದೆಹಲಿ ಕರ್ನಾಟಕ ಸಂಘ. ಇದೇ ಆರ್.ಕೆ.ಪುರಂನಲ್ಲಿ ಸೇವಾ ಭವನ ಅಂತ ಒಂದು ದೊಡ್ಡ ಸರ್ಕಾರಿ ಕಟ್ಟಡ ಇದೆ, ಕೇಂದ್ರ ಜಲ ಆಯೋಗದ ಮುಖ್ಯ ಕಚೇರಿ. 1945ರಲ್ಲಿ, ವೈಸ್‌ರಾಯ್ ಮಂಡಳಿಯಲ್ಲಿ ಡಾ. ಅಂಬೇಡ್ಕರ್ ಕಾರ್ಮಿಕ ಖಾತೆ ನೋಡ್ಕೊಳ್ತಿದ್ದಾಗ ಹುಟ್ಟಿದ ಸಂಸ್ಥೆ ಇದು. ದೇಶದ ದೊಡ್ಡ ಅಣೆಕಟ್ಟುಗಳ ರಾಷ್ಟ್ರೀಯ ದಾಖಲೆ ತಯಾರಿಸಿದ್ದು ಇವರೇ. 2019ರ ಪಟ್ಟಿಯಲ್ಲಿ ಕಟ್ಟಿ ಮುಗಿದವು 5,334, ಕಟ್ಟುತ್ತಿರುವವು 411. ಪ್ರತಿಯೊಂದಕ್ಕೂ ಹೆಸರು, ಎತ್ತರ, ಉದ್ದ, ವರ್ಷ ಎಲ್ಲಾ ಇದೆ.

ಆದರೆ ನಿಮ್ಮೂರ ಕೆರೆ ಏರಿ ಆ ಪಟ್ಟಿಯಲ್ಲಿ ಇರೋ ಸಾಧ್ಯತೆ ಬಹಳ ಕಡಿಮೆ. ಕರ್ನಾಟಕದಲ್ಲಿ ಕೆರೆಗಳೇ 36 ಸಾವಿರಕ್ಕೂ ಹೆಚ್ಚು ಅಂತ ಲೆಕ್ಕ. ಅವುಗಳಲ್ಲಿ ಬಹುಪಾಲಿನ ಏರಿ 10 ಮೀಟರ್ ಕೂಡ ಮುಟ್ಟಲ್ಲ. ಹಾಗಾಗಿ ಲೆಕ್ಕಕ್ಕೇ ಸಿಗಲ್ಲ. ಲೆಕ್ಕಕ್ಕೆ ಸಿಗದ ಈ ಒಡ್ಡುಗಳು ಇತಿಹಾಸದಲ್ಲಿ ಏನು ಮಾಡಿವೆ, ಯಾವಾಗ ಕಾಪಾಡಿವೆ, ಯಾವಾಗ ಕೊಂದಿವೆ, ಅದನ್ನ ನೋಡೋಣ.

ಮೊದಲು ಒಂದು ಸಣ್ಣ ಲೆಕ್ಕ

ಒಂದು ಮಣ್ಣಿನ ಒಡ್ಡು ಪ್ರವಾಹ ತಡೆಯುತ್ತೆ ಅಂದ್ರೆ ಏನು? ನೀರನ್ನ ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತೆ ಅಂತ ಅಲ್ಲ. ನೀರಿಗೆ "ಸ್ವಲ್ಪ ನಿಧಾನ" ಅಂತ ಹೇಳುತ್ತೆ, ಅಷ್ಟೇ.

ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ 100 ಮಿಲಿಮೀಟರ್ ಮಳೆ ಬಿತ್ತು ಅಂತ ಇಟ್ಕೊಳ್ಳಿ. ಅದು ಒಂದು ಲಕ್ಷ ಘನ ಮೀಟರ್ ನೀರು. ಅರ್ಧ ಇಂಗಿತು, ಅರ್ಧ ಹರಿಯಿತು ಅಂದ್ರೆ 50 ಸಾವಿರ ಘನ ಮೀಟರ್. ಎರಡು ಗಂಟೆಯಲ್ಲಿ ಅಷ್ಟೂ ಕೆಳಗೆ ಬಂದರೆ ಹಳ್ಳದಲ್ಲಿ ಸೆಕೆಂಡಿಗೆ ಸುಮಾರು 7 ಘನ ಮೀಟರ್ ನೀರು ನುಗ್ಗುತ್ತೆ. ಊರಿನ ಸಣ್ಣ ಸೇತುವೆ, ದಂಡೆಯ ಗುಡಿಸಲು ಕೊಚ್ಚಿಕೊಂಡು ಹೋಗೋಕೆ ಅಷ್ಟು ಸಾಕು.

ಈಗ ಅದೇ ಹಳ್ಳಕ್ಕೆ ಅಡ್ಡ ಒಂದು ಒಡ್ಡು ಹಾಕಿ. ಅದರ ಹಿಂದೆ ಐದು ಹೆಕ್ಟೇರ್ ಜಾಗದಲ್ಲಿ ಸರಾಸರಿ ಒಂದು ಮೀಟರ್ ನೀರು ನಿಂತರೆ ಆ 50 ಸಾವಿರ ಪೂರ್ತಿ ಹಿಡಿಯುತ್ತೆ. ಅಡಿಯಲ್ಲಿ ಸೆಕೆಂಡಿಗೆ ಒಂದೇ ಘನ ಮೀಟರ್ ಬಿಡೋ ತೂಬು ಇದ್ದರೆ ಖಾಲಿ ಆಗೋಕೆ ಸುಮಾರು 14 ಗಂಟೆ ಬೇಕು. ಎರಡು ಗಂಟೆಯ ಆರ್ಭಟ ಹದಿನಾಲ್ಕು ಗಂಟೆಯ ಸಣ್ಣ ಹರಿವು ಆಯ್ತು. ಕೆಳಗಿನ ಊರಿನವರು ರಾತ್ರಿ ನಿದ್ದೆ ಮಾಡಿದರು.

ಇದು ಒಳ್ಳೆಯ ಕಥೆ. ಇದೇ ಲೆಕ್ಕಕ್ಕೆ ಇನ್ನೊಂದು ಮುಖ ಇದೆ. ಆ ಒಡ್ಡು ತುಂಬಿ ನಿಂತಾಗ ಒಡೆದು, ನೀರೆಲ್ಲ ಅರ್ಧ ಗಂಟೆಯಲ್ಲಿ ಹೊರಗೆ ಬಂತು ಅಂದ್ರೆ ಸೆಕೆಂಡಿಗೆ ಸುಮಾರು 28 ಘನ ಮೀಟರ್. ಒಡ್ಡೇ ಇಲ್ಲದಿದ್ದರೆ ಬರ್ತಿದ್ದುದಕ್ಕಿಂತ ನಾಲ್ಕು ಪಟ್ಟು. ಅದೂ ರಾತ್ರೋರಾತ್ರಿ, ಮುನ್ಸೂಚನೆ ಇಲ್ಲದೆ, ಮಣ್ಣು ಕಲ್ಲು ಸಮೇತ. ಅಂದ್ರೆ ಕಾಪಾಡೋಕೆ ಕಟ್ಟಿದ ವಸ್ತುವೇ ಪ್ರವಾಹ ಆಗಿಬಿಡುತ್ತೆ.

ಒಡ್ಡು ಒಡೆಯೋಕೆ ಮುಖ್ಯವಾಗಿ ಮೂರು ದಾರಿ. ಒಂದು, ನೀರು ತಲೆ ಮೇಲೆ ಹತ್ತಿ ಹರಿಯೋದು. ಕಲ್ಲಿನ ಅಣೆ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ, ಮಣ್ಣು ತಡ್ಕೊಳ್ಳಲ್ಲ. ಎರಡು, ಒಳಗಿಂದ ಒಸರೋದು. ಹೆಗ್ಗಣದ ಬಿಲ, ಸತ್ತ ಮರದ ಬೇರು, ತೂಬಿನ ಪಕ್ಕದ ಸಂದು, ಎಲ್ಲಿ ಬೇಕಾದರೂ ಶುರುವಾಗಬಹುದು. ಒಸರೋ ನೀರು ತಿಳಿಯಾಗಿದ್ದರೆ ಪರವಾಗಿಲ್ಲ. ಕೆಂಪಾಗಿ ಬಂತು ಅಂದ್ರೆ ಏರಿಯ ಮಣ್ಣನ್ನೇ ಹೊತ್ಕೊಂಡು ಬರ್ತಿದೆ ಅಂತ ಅರ್ಥ. ಮೂರು, ಇಳಿಜಾರೇ ಜಾರಿ ಕುಸಿಯೋದು. ಇದರಲ್ಲಿ ಮೊದಲನೇದಕ್ಕೆ ಮದ್ದು ಒಂದೇ, ಕೋಡಿ. ಹೆಚ್ಚಾದ ನೀರು ಏರಿಯನ್ನ ಮುಟ್ಟದ ಹಾಗೆ ಪಕ್ಕದಿಂದ ಹೋಗೋ ದಾರಿ. ಈ ಪದವನ್ನ ನೆನಪಿಟ್ಕೊಳ್ಳಿ, ಪದೇ ಪದೇ ಬರುತ್ತೆ.

ತುಘಲಕ್‌ನ ದೆಹಲಿ, ಬುಕ್ಕನ ಮಗನ ಶಾಸನ

ಆರ್.ಕೆ.ಪುರಂನಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ಹೌಜ್ ಖಾಸ್. ಇವತ್ತು ಅಲ್ಲಿ ಕಾಫಿ ಅಂಗಡಿಗಳು, ಬಟ್ಟೆ ಅಂಗಡಿಗಳು. ಹೆಸರಿನಲ್ಲಿರೋ "ಹೌಜ್" ಅಂದ್ರೆ ಕೆರೆ. ಅಲಾವುದ್ದೀನ್ ಖಿಲ್ಜಿ ಸುಮಾರು 1300ರ ಹೊತ್ತಿಗೆ ತೋಡಿಸಿದ್ದು. ಮಳೆಗಾಲದಲ್ಲಿ ಸುತ್ತಲಿನ ಎತ್ತರದ ನೆಲದಿಂದ ಹರಿದು ಬರೋ ನೀರು ಇಲ್ಲಿ ನಿಲ್ಲಬೇಕು, ವರ್ಷವಿಡೀ ಸಿರಿ ಪಟ್ಟಣಕ್ಕೆ ಒದಗಬೇಕು ಅನ್ನೋದು ಲೆಕ್ಕಾಚಾರ.

ಅರ್ಧ ಶತಮಾನ ಕಳೆಯೋದರಲ್ಲಿ ಏನಾಯ್ತು ಅಂತ ಫಿರೋಜ್ ಷಾ ತುಘಲಕ್ ತನ್ನ "ಫುತೂಹಾತ್-ಇ-ಫಿರೋಜ್‌ಷಾಹಿ"ಯಲ್ಲಿ ಹೇಳಿಕೊಂಡಿದ್ದಾನೆ. ಕೆರೆ ಹೂಳು ತುಂಬಿ ಒಣಗಿತ್ತು. ಜನ ಅದರೊಳಗೇ ಉತ್ತು ಬಿತ್ತುತ್ತಿದ್ದರು. ಬಾವಿ ತೋಡಿ ನೀರು ಮಾರ್ತಿದ್ದರು! ಮೆಹ್ರೌಲಿಯ ಹೌಜ್-ಇ-ಶಮ್ಸಿಯ ಕಥೆ ಇನ್ನೂ ಚೆನ್ನಾಗಿದೆ: ಕೆರೆಗೆ ನೀರು ತರೋ ಕಾಲುವೆಗಳನ್ನೇ ಕೆಲವರು ಮುಚ್ಚಿಬಿಟ್ಟಿದ್ದರು. ಸುಲ್ತಾನ ಅವರಿಗೆ ಶಿಕ್ಷೆ ಕೊಟ್ಟು, ಕಾಲುವೆ ತೆರೆಸಿ, ಹೌಜ್ ಖಾಸ್‌ನ ಹೂಳೆತ್ತಿಸಿದ. ಕೆರೆ ಒತ್ತುವರಿ, ರಾಜಕಾಲುವೆ ಒತ್ತುವರಿ, ಟ್ಯಾಂಕರ್ ನೀರು, ಈ ಮೂರೂ ಬೆಂಗಳೂರಿನಲ್ಲಿ ಶುರುವಾದದ್ದು ಅಂತ ಅಂದ್ಕೊಂಡಿದ್ದರೆ, ಇಲ್ಲ, ಆರೂವರೆ ಶತಮಾನದ ಹಿಂದೆ ದೆಹಲಿಯಲ್ಲೂ ಇತ್ತು.

ಇನ್ನೂ ದಕ್ಷಿಣಕ್ಕೆ ಖಿಡ್ಕಿ ಹಳ್ಳಿಯ ಹತ್ತಿರ ಸತ್‌ಪುಲಾ ಇದೆ. ಮುಹಮ್ಮದ್ ಬಿನ್ ತುಘಲಕ್ 1340ರ ಆಸುಪಾಸಿನಲ್ಲಿ ಕಟ್ಟಿಸಿದ್ದು. ಜಹಾಂಪನಾ ಪಟ್ಟಣದ ಕೋಟೆಗೋಡೆ ಒಂದು ಹಳ್ಳವನ್ನ ದಾಟೋ ಜಾಗ ಅದು. ಗೋಡೆ ಹಾಕಿಬಿಟ್ಟರೆ ಮಳೆಗಾಲದ ನೀರು ಗೋಡೆಯನ್ನೇ ಕೆಡವುತ್ತೆ, ಬಿಟ್ಟರೆ ಶತ್ರು ಒಳಗೆ ಬರ್ತಾನೆ. ಹಾಗಾಗಿ ಏಳು ಕಮಾನು, ಅವಕ್ಕೆ ಮೇಲೆ ಕೆಳಗೆ ಸರಿಯೋ ಬಾಗಿಲು. ಬೇಕಾದಾಗ ನೀರು ನಿಲ್ಲಿಸು, ಹೆಚ್ಚಾದಾಗ ಬಿಡು. ಅದು ಕಲ್ಲಿನ ಕಟ್ಟಡ, ಮಣ್ಣಿನದಲ್ಲ, ಆದರೆ ತತ್ವ ಅದೇ: ತಡೆಯೋನಿಗೆ ಬಿಡೋದೂ ಗೊತ್ತಿರಬೇಕು.

ಈಗ ಇದೇ ಕಾಲದಲ್ಲಿ ದಕ್ಷಿಣಕ್ಕೆ ಬನ್ನಿ. ಫಿರೋಜ್ ಷಾ ದೆಹಲಿಯಲ್ಲಿ ಆಳ್ತಿದ್ದ 1369ರಲ್ಲೇ, ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ ಭವದೂರ ಇವತ್ತಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆ ಕಟ್ಟಿಸಿ ಸಂಸ್ಕೃತದಲ್ಲಿ ಶಾಸನ ಹಾಕಿಸಿದ. ನನ್ನ ಪ್ರಕಾರ ನಮ್ಮ ಶಾಸನಗಳಲ್ಲೇ ಬಹಳ ಪ್ರಾಯೋಗಿಕವಾದ ಶಾಸನ ಅದು. ಎರಡು ವರ್ಷ ದಿನಕ್ಕೆ ಸಾವಿರ ಆಳು ಕೆಲಸ ಮಾಡಿದರು, ಕಲ್ಲು ಸಾಗಿಸೋಕೆ ನೂರು ಬಂಡಿ ಇದ್ದವು ಅಂತ ಹೇಳುತ್ತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನ ಪಟ್ಟಿ ಮಾಡುತ್ತೆ, ಅದರಲ್ಲಿ ಜಲವಿದ್ಯೆ ಬಲ್ಲವನು ಬೇಕು, ಗಟ್ಟಿ ನೆಲ ಬೇಕು, ಕಲ್ಲಿನ ಗಣಿ ಹತ್ತಿರ ಇರಬೇಕು, ಕೆಲಸ ಬಲ್ಲ ಆಳುಗಳ ತಂಡ ಬೇಕು ಅನ್ನೋದೂ ಸೇರಿದೆ.

ಆಮೇಲೆ ಆರು ದೋಷಗಳನ್ನ ಹೇಳುತ್ತೆ. ಏರಿಯಿಂದ ನೀರು ಒಸರೋದು. ಚೌಳು ಮಣ್ಣು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು. ಕೆರೆ ನಡುವೆ ದಿಬ್ಬ ಇರೋದು. ನೀರು ಕಡಿಮೆ, ಜಮೀನು ಹೆಚ್ಚು. ಕೊನೆಗೆ, ಜಮೀನು ಕಡಿಮೆ, ನೀರು ಹೆಚ್ಚು.

ಮೂರನೇ ದೋಷವನ್ನ ಇನ್ನೊಂದು ಸಲ ಓದಿ. ಮಣ್ಣು, ಒಸರು, ಅಳತೆ, ಇವೆಲ್ಲ ಎಂಜಿನಿಯರ್ ಮಾತು. ಎರಡು ರಾಜ್ಯಗಳ ಗಡಿ ಅನ್ನೋದು ರಾಜಕೀಯದ ಮಾತು. ಒಡ್ಡು ಎಷ್ಟೇ ಗಟ್ಟಿ ಇರಲಿ, ಮೇಲಿನವನು ಒಬ್ಬ, ಕೆಳಗಿನವನು ಇನ್ನೊಬ್ಬ, ಇಬ್ಬರ ನಡುವೆ ಮಾತಿಲ್ಲ ಅಂದ್ರೆ ಆ ಕೆರೆ ದೋಷದ್ದೇ. ಈ ಒಂದು ಸಾಲಿನ ಸತ್ಯಕ್ಕೆ ಮುಂದಿನ ಶತಮಾನಗಳು ಎಷ್ಟು ಬೆಲೆ ತೆತ್ತಿವೆ ಅಂತ ಈಗ ನೋಡೋಣ.

ಏರಿ ಕಟ್ಟಿದವರು, ಏರಿ ಕಾದವರು

1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಒಂದು ವರದಿ ಬರೆದ. ಬೆಂಗಳೂರಿನ ಸ್ಯಾಂಕಿ ಕೆರೆ ಇದೇ ಮನುಷ್ಯನ ಹೆಸರಿನದು. ಮೈಸೂರು ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹತ್ತಿರ ಹತ್ತಿರ ಶೇಕಡಾ 60 ಭಾಗ ಕೆರೆಗಳ ವ್ಯವಸ್ಥೆಯೊಳಗೆ ಬಂದುಬಿಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನ ಬೇಕು ಅನ್ನೋದು ಅವನ ಮಾತಿನ ಸಾರ. ಇಲ್ಲಿ ಕೆರೆ ಅಂದ್ರೆ ಒಂಟಿ ಕೆರೆ ಅಲ್ಲ, ಸರಪಳಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಬರಗಾಲಕ್ಕೂ ಉತ್ತರ, ಪ್ರವಾಹಕ್ಕೂ ಉತ್ತರ.

ಇದನ್ನ ಕಟ್ಟಿದವರು ಯಾರು? ಶಾಸನದಲ್ಲಿ ರಾಜನ ಹೆಸರಿದೆ, ದಂಡನಾಯಕನ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಊರೂರು ಅಲೆದು ಕೆರೆ ಕಟ್ಟಿದ ವಡ್ಡರು, ಇವತ್ತು ಭೋವಿ ಅಂತ ಕರೆಯೋ ಸಮುದಾಯ, ಗಂಡಸರು ಅಗೆದರು, ಹೆಂಗಸರು ಹೊತ್ತರು. ಮಣ್ಣನ್ನ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿ ಮಾಡೋದು. ಮಣ್ಣಿಗೆ ಎಷ್ಟು ಹದ ಇರಬೇಕು? ಒಣಗಿದ್ದರೆ ಪುಡಿ ಆಗುತ್ತೆ, ಹೆಚ್ಚು ಒದ್ದೆ ಆದರೆ ಕೆಸರು. ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿದರೆ ಗೊತ್ತಾಗೋದು ಅದು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರಾಲ್ಫ್ ಪ್ರಾಕ್ಟರ್ ಅನ್ನೋ ಎಂಜಿನಿಯರ್ 1933ರಲ್ಲಿ ಇದೇ ಹದವನ್ನ ಅಳೆಯೋ ಪರೀಕ್ಷೆ ಪ್ರಕಟಿಸಿದ. ಇವತ್ತು ಜಗತ್ತಿನ ಮಣ್ಣಿನ ಅಣೆಕಟ್ಟುಗಳಿಗೆಲ್ಲ ಅದೇ ಆಧಾರ. ಕೈಗೆ ಗೊತ್ತಿದ್ದುದಕ್ಕೆ ಅಂಕಿ ಸಿಕ್ಕಿದ್ದು ಆಗ.

ಕಟ್ಟೋದು ಒಂದು ಭಾಗ, ಕಾಯೋದು ಇನ್ನೊಂದು ಭಾಗ. ಹಳೆಯ ವ್ಯವಸ್ಥೆಯಲ್ಲಿ ಅದಕ್ಕೆ ದುಡ್ಡಿನ ದಾರಿ ಇತ್ತು. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಗಾಗಿ ಬಿಟ್ಟ ಪಾಲು ಬಿತ್ತುವಟ್ಟ. ಹೂಳು ಎತ್ತೋ ಬಂಡಿಗೆ, ಎತ್ತಿಗೆ ದತ್ತಿ. ತೂಬು ತೆಗೆಯೋಕೆ, ಹಾಕೋಕೆ ನೀರಗಂಟಿ. ಅವನಿಗೆ ಸುಗ್ಗಿಯಲ್ಲಿ ಪ್ರತಿ ರೈತನಿಂದ ಕಾಳು. ಜೋರು ಮಳೆಯ ರಾತ್ರಿ ಊರಿಗೆಲ್ಲ ನಿದ್ದೆ ಬಂದರೂ ನೀರಗಂಟಿ ಏರಿ ಮೇಲೆ ಇರಬೇಕು.

ನಮ್ಮ ಜನಪದದಲ್ಲೂ ಇದರ ನೆನಪಿದೆ. "ಕೆರೆಗೆ ಹಾರ" ಎಲ್ಲರಿಗೂ ಗೊತ್ತು. ಅಲ್ಲಿ ಸಂಕಟ ಕೆರೆಗೆ ನೀರು ಬಾರದ್ದು. ಮದಗದ ಕೆಂಚಮ್ಮನ ಕಥೆಯಲ್ಲಿ ಸಂಕಟ ಅದಕ್ಕೆ ಉಲ್ಟಾ: ಮಳೆ ಅತಿಯಾಗಿ ಬಂದು ಏರಿ ನಿಲ್ಲುತ್ತೋ ಇಲ್ಲವೋ ಅನ್ನೋ ಭಯ. ಎರಡು ಕಥೆಯಲ್ಲೂ ಬೆಲೆ ತೆರೋಳು ಹೆಣ್ಣೇ. ಕೆರೆಗಳ ನಾಡಿನಲ್ಲಿ ಬರದ ಭಯ ಎಷ್ಟಿತ್ತೋ ಏರಿ ಒಡೆಯೋ ಭಯವೂ ಅಷ್ಟೇ ಇತ್ತು ಅಂತ ಇದರಿಂದ ತಿಳಿಯುತ್ತೆ.

1903 ಮತ್ತು 1908: ಸರಪಳಿ ಕಡಿದಾಗ

ಸರಪಳಿಗೆ ಒಂದು ಅಪಾಯ ಇದೆ. ಮೇಲಿನ ಕೊಂಡಿ ಕಡಿದರೆ ಅದರ ಭಾರ ಕೆಳಗಿನದರ ಮೇಲೆ.

1903ರ ನವೆಂಬರ್‌ನಲ್ಲಿ ಕೋಲಾರದ ಕಡೆ ಭಾರೀ ಮಳೆ. ಮೈಸೂರು ಸೀಮೆಯಲ್ಲಿ ಪಾಲಾರ್ ಕಣಿವೆಯ ಕೆರೆಗಳು ಒಡೆದವು. ನೀರು ಗಡಿ ದಾಟಿ ಮದ್ರಾಸ್ ಪ್ರಾಂತ್ಯಕ್ಕೆ ನುಗ್ಗಿತು. ವಾಣಿಯಂಬಾಡಿ ಪಟ್ಟಣದ ಒಂದು ಭಾಗವೇ ಕೊಚ್ಚಿಹೋಯಿತು, ಜನ ಸತ್ತರು. ಇದಕ್ಕೆ ಹನ್ನೊಂದು ವರ್ಷ ಮುಂಚೆ, 1892ರಲ್ಲಿ, ಮೈಸೂರು ಮತ್ತು ಮದ್ರಾಸ್ ನಡುವೆ ನೀರಿನ ಒಪ್ಪಂದ ಆಗಿತ್ತು. ಕಾವೇರಿ ಜಗಳದಿಂದ ನಮಗೆಲ್ಲ ಪರಿಚಯ ಇರೋ ಅದೇ ಒಪ್ಪಂದ. ಪಾಲಾರ್ ಕೂಡ ಅದರಲ್ಲಿತ್ತು. ಅದರ ಗಮನವೆಲ್ಲ ಮೇಲಿನವರು ಹೊಸ ಕೆರೆ ಕಟ್ಟಿ ಕೆಳಗಿನವರ ನೀರು ಕಡಿಮೆ ಮಾಡಬಾರದು ಅನ್ನೋದರ ಮೇಲೆ. ನೀರು ಒಟ್ಟಿಗೇ ಬಂದುಬಿಟ್ಟರೆ ಏನು ಅನ್ನೋ ಪ್ರಶ್ನೆ ಆ ಜಗಳದಲ್ಲಿ ಹಿಂದೆ ಉಳಿಯಿತು. ಪೋರುಮಾಮಿಳ್ಳದ ಮೂರನೇ ದೋಷ ನೆನಪಾಯ್ತಾ?

ಐದು ವರ್ಷ ಬಿಟ್ಟು, 1908ರ ಸೆಪ್ಟೆಂಬರ್ 28. ಹೈದರಾಬಾದಿನ ಮೂಸಿ ನದಿ ಪ್ರವಾಹ. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನ. ಅವರು ಪಟ್ಟಣದ ಗೋಡೆ, ಸೇತುವೆ ನೋಡಿ ಸುಮ್ಮನಾಗಲಿಲ್ಲ, ಮೇಲಿನ ಜಲಾನಯನವನ್ನ ಲೆಕ್ಕ ಹಾಕಿದರು. ಅಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅದರಲ್ಲಿ 221 ಒಡೆದಿದ್ದವು. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ ಮಳೆ ಸುರಿದಿತ್ತು. ಮಳೆಯೇ ಅಸಾಧಾರಣ, ಅದರ ಮೇಲೆ ಒಂದರ ಹಿಂದೆ ಒಂದು ಏರಿ ಕಡಿದು ಸೇರಿಕೊಂಡಿತು.

ಅವರು ಕೊಟ್ಟ ಪರಿಹಾರ ಪಟ್ಟಣದ ಮೇಲ್ಗಡೆ, ಮೂಸಿ ಮತ್ತು ಅದರ ಉಪನದಿ ಈಸಿ ಮೇಲೆ, ಪ್ರವಾಹ ಹಿಡಿಯೋಕೆ ಅಂತಲೇ ಎರಡು ದೊಡ್ಡ ಜಲಾಶಯ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಇಲ್ಲಿ ಎರಡು ಪಾಠ ಇದೆ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಸಣ್ಣ ಒಡ್ಡುಗಳು ಸಣ್ಣ ಮತ್ತು ಮಧ್ಯಮ ಮಳೆಯನ್ನ ಚೆನ್ನಾಗಿ ನಿಭಾಯಿಸುತ್ತವೆ. ನೂರು ವರ್ಷಕ್ಕೊಮ್ಮೆ ಬರೋ ಮಳೆಯನ್ನ ನಿಭಾಯಿಸಲ್ಲ, ಆಗ ಅವು ಕನಿಷ್ಠ ಒಡೆಯದೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಆ ದಾರಿಯೇ ಕೋಡಿ.

ಗುರುಗ್ರಾಮದ ಒಡ್ಡುಗಳು, ಢಾಂಸಾದ ಗಡಿ

ಮತ್ತೆ ದೆಹಲಿ ಕಡೆ ಬರೋಣ. ಗುರುಗ್ರಾಮ ಅಂದ್ರೆ ಗಾಜಿನ ಕಟ್ಟಡ, ಕಾಲ್ ಸೆಂಟರ್. ಆದರೆ ಅಲ್ಲಿ ಝಾರ್ಸಾ ಬಂಧ್, ಘಾಟಾ ಬಂಧ್, ಚಕ್ಕರ್‌ಪುರ್-ವಜೀರಾಬಾದ್ ಬಂಧ್ ಅನ್ನೋ ಹೆಸರುಗಳು ಇನ್ನೂ ಇವೆ. ಬ್ರಿಟಿಷರ ಕಾಲದ ಮಣ್ಣಿನ ಒಡ್ಡುಗಳು ಇವು. ಅರಾವಳಿ ಗುಡ್ಡದ ಮೇಲೆ ಬಿದ್ದ ಮಳೆ ಪಶ್ಚಿಮಕ್ಕೆ, ನಜಫ್‌ಗಢ ಜೌಗಿನ ಕಡೆಗೆ ಇಳಿಯುತ್ತೆ. ಮರಳು ಮಿಶ್ರಿತ ನೆಲ, ನೀರು ನುಗ್ಗಿದರೆ ಹೊಲವೇ ಕೊರೆದು ಹೋಗೋದು. ಅದಕ್ಕೆ ಇಳಿಜಾರಿಗೆ ಅಡ್ಡ ಉದ್ದುದ್ದ ಒಡ್ಡು. ನೀರು ನಿಲ್ಲುತ್ತೆ, ಇಂಗುತ್ತೆ, ಬಾವಿ ತುಂಬುತ್ತೆ, ನೀರು ಇಳಿದ ಮೇಲೆ ಅದೇ ಹಸಿ ನೆಲದಲ್ಲಿ ಹಿಂಗಾರಿ ಬಿತ್ತನೆ.

ಆಮೇಲೆ ಪಟ್ಟಣ ಬಂತು. ಒಡ್ಡಿನ ಹಿಂದಿನ ಬಯಲು ವರ್ಷದಲ್ಲಿ ಹತ್ತು ತಿಂಗಳು ಒಣಗಿರುತ್ತಲ್ಲ, ನೋಡಿದವರಿಗೆ ಅದು ಖಾಲಿ ಜಾಗ. ನೀರು ನಿಲ್ಲೋಕೆ ಅಂತ ಬಿಟ್ಟ ಜಾಗಕ್ಕೂ ಖಾಲಿ ಬಿದ್ದ ಜಾಗಕ್ಕೂ ಇರೋ ವ್ಯತ್ಯಾಸ ನಕ್ಷೆಯಲ್ಲಿ ಕಾಣಲ್ಲ. ಒಡ್ಡು ರಸ್ತೆ ಆಯ್ತು, ಬಯಲು ಬಡಾವಣೆ ಆಯ್ತು. 2016ರ ಜುಲೈ 28ರ ಸಂಜೆ ಮಳೆ ಬಂದು ಬಾದ್‌ಷಾಹಪುರ ನಾಲೆ ಉಕ್ಕಿ, ಹೀರೋ ಹೋಂಡಾ ಚೌಕದಲ್ಲಿ ಹೆದ್ದಾರಿ ಮುಳುಗಿ, ಜನ ರಾತ್ರಿಯಿಡೀ ಕಾರಿನಲ್ಲೇ ಕೂತರು. ಅದೇ ವರ್ಷ ಊರಿಗೆ ಗುರುಗ್ರಾಮ ಅಂತ ಹೊಸ ಹೆಸರು ಬಂದಿತ್ತು, ಜನ "ಗುರುಜಾಮ್" ಅಂತ ತಮಾಷೆ ಮಾಡಿದರು. ನೀರು ಮಾತ್ರ ತನ್ನ ಹಳೇ ದಾರಿ ಹಿಡಿದಿತ್ತು.

ಒಂದು ಒಳ್ಳೆ ಸುದ್ದಿಯೂ ಇದೆ. ಚಕ್ಕರ್‌ಪುರ್-ವಜೀರಾಬಾದ್ ಒಡ್ಡನ್ನ ನಾಗರಿಕರು ಮತ್ತು ನಗರಪಾಲಿಕೆ ಸೇರಿ, ಕಸ ತೆಗೆದು, ಗಿಡ ನೆಟ್ಟು ಐದು ಕಿಲೋಮೀಟರ್ ಉದ್ದದ ನಡಿಗೆ ದಾರಿ ಮಾಡಿದ್ದಾರೆ. ಒಡ್ಡು ಉಳಿಯಿತು. ಮೇಲೆ ನಡೆಯೋರಿಗೆ ಕಾಲಡಿಯಲ್ಲಿರೋದು ಏನು ಅಂತ ಗೊತ್ತಾದರೆ ಇನ್ನೂ ಚೆನ್ನಾಗಿರುತ್ತೆ.

ಪಶ್ಚಿಮಕ್ಕೆ ಹೋದರೆ ಢಾಂಸಾ, ದೆಹಲಿ-ಹರಿಯಾಣ ಗಡಿ. ರಾಜಸ್ಥಾನದಲ್ಲಿ ಹುಟ್ಟೋ ಸಾಹಿಬಿ ನದಿ ಹರಿಯಾಣ ದಾಟಿ ಇಲ್ಲಿ ದೆಹಲಿಗೆ ಬರುತ್ತೆ. ಮುಂದೆ ಅದೇ ನಜಫ್‌ಗಢ ನಾಲೆ, 57 ಕಿಲೋಮೀಟರ್ ಹರಿದು ವಜೀರಾಬಾದಿನ ಹತ್ತಿರ ಯಮುನೆಗೆ. ಢಾಂಸಾದಲ್ಲಿ ಒಂದು ಮಣ್ಣಿನ ಒಡ್ಡು, ಅದರಲ್ಲಿ ಬಾಗಿಲು. ಬಾಗಿಲು ಮುಚ್ಚಿದರೆ ಮೇಲಿನ ಹರಿಯಾಣದ ಹೊಲ ಮುಳುಗುತ್ತೆ, ತೆರೆದರೆ ಕೆಳಗಿನ ದೆಹಲಿಯ ಊರು. 1977ರಲ್ಲಿ ಸಾಹಿಬಿ ತುಂಬಿ ಬಂದಾಗ ನಾಲೆಯ ದಂಡೆ ಹಲವು ಕಡೆ ಒಡೆದು ಹಳ್ಳಿಗಳು ಮಾತ್ರ ಅಲ್ಲ, ಜನಕಪುರಿಯಂಥ ಬಡಾವಣೆಗೂ ನೀರು ನುಗ್ಗಿತು. ಆಮೇಲೆ ಮೇಲ್ಗಡೆ ರೇವಾಡಿ ಹತ್ತಿರ ಮಸಾನಿ ಬ್ಯಾರೇಜ್ ಕಟ್ಟಿದರು. ರಾಜಸ್ಥಾನದಲ್ಲೂ ಒಡ್ಡುಗಳಾದವು. ಈಗ ಬಹುತೇಕ ವರ್ಷ ಸಾಹಿಬಿಯ ನೀರು ದೆಹಲಿಗೆ ಬರೋದೇ ಇಲ್ಲ. ಜನ ಅದನ್ನ ನದಿ ಅಂತ ಮರೆತು "ಗಂದಾ ನಾಲಾ" ಅಂತಾರೆ. ನದಿಯನ್ನ ಮರೆತ ಜಾಗದಲ್ಲಿ ಮನೆ ಕಟ್ಟೋದು ಸುಲಭ.

ಓಕ್ಲಹೋಮದಿಂದ ಹುಳಿಮಾವಿನವರೆಗೆ

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಓಕ್ಲಹೋಮದಲ್ಲಿ 1948ರ ಜುಲೈನಲ್ಲಿ, ವಾಶಿಟಾ ನದಿಯ ಜಲಾನಯನದ ಕ್ಲೌಡ್ ಕ್ರೀಕ್ ಅನ್ನೋ ಸಣ್ಣ ಹಳ್ಳಕ್ಕೆ ಹಳ್ಳಿಗಾಡಿನ ಪ್ರವಾಹ ತಡೆಗೆ ಅಂತಲೇ ಒಂದು ಮಣ್ಣಿನ ಒಡ್ಡು ಕಟ್ಟಿದರು. ಅಲ್ಲಿಂದ ಮುಂದೆ 47 ರಾಜ್ಯಗಳಲ್ಲಿ ಹತ್ತಿರ ಹತ್ತಿರ 12 ಸಾವಿರ ಇಂಥ ಒಡ್ಡುಗಳಾದವು. ಬಹುಪಾಲಿನವಕ್ಕೆ ಲೆಕ್ಕ ಹಾಕಿದ ಆಯುಷ್ಯ 50 ವರ್ಷ, ಈಗ ಅದು ಮುಗಿದಿದೆ. ಕಟ್ಟಿದಾಗ ಕೆಳಗೆ ಹುಲ್ಲುಗಾವಲು ಇತ್ತು, ಈಗ ಎಷ್ಟೋ ಕಡೆ ಮನೆಗಳಿವೆ. ಒಡ್ಡು ಬದಲಾಗಲಿಲ್ಲ. ಒಡ್ಡು ಇದೆಯಲ್ಲ ಅನ್ನೋ ಧೈರ್ಯದಲ್ಲಿ ಜನ ಕೆಳಗೆ ಬಂದರು, ಹಾಗಾಗಿ ಅಪಾಯ ಬದಲಾಯಿತು.

ನಮ್ಮಲ್ಲೂ ಇದೇ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿತು. ಏರಿಯನ್ನ ಅಗೆದದ್ದೇ ಕಾರಣ ಅಂತ ಆಗ ವರದಿಯಾಯ್ತು. ಹಳೇ ಕಾಲದಲ್ಲಿ ಆ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗ್ತಿತ್ತು, ಒಂದು ಬೆಳೆ ಹಾಳಾಗ್ತಿತ್ತು. ಈಗ ಅಚ್ಚುಕಟ್ಟಿನಲ್ಲಿ ಜನ ಮಲಗಿರ್ತಾರೆ.

ಕಾನೂನು ಏನು ಹೇಳುತ್ತೆ? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. 10ರಿಂದ 15 ಮೀಟರ್ ಇದ್ದರೆ, ಉದ್ದ 500 ಮೀಟರ್‌ಗೆ ಕಡಿಮೆ ಇರಬಾರದು ಅಥವಾ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ ಕೆಲವು ಷರತ್ತುಗಳಲ್ಲಿ ಒಂದಾದರೂ ಇರಬೇಕು. 10 ಮೀಟರ್ ಕೆಳಗಿನದು ಇಲ್ಲ. ದೊಡ್ಡದಕ್ಕೆ ಮೊದಲು ಗಮನ ಕೊಟ್ಟದ್ದು ತಪ್ಪಲ್ಲ. ಆದರೆ ಅಪಾಯವನ್ನ ಎತ್ತರದಿಂದ ಮಾತ್ರ ಅಳೆಯೋಕೆ ಆಗಲ್ಲ, ಕೆಳಗೆ ಯಾರು ವಾಸ ಮಾಡ್ತಾರೆ ಅನ್ನೋದರಿಂದಲೂ ಅಳೆಯಬೇಕು. ಆರು ಮೀಟರ್ ಏರಿ, ಕೆಳಗೆ ಇನ್ನೂರು ಮನೆ ಇದ್ದರೆ ಅದು ಸಣ್ಣದಲ್ಲ.

ಕರ್ನಾಟಕದಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯ್ತಿ ಕಡೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಕಾಗದದ ಮೇಲೆ ಯಜಮಾನ ಇದ್ದಾನೆ. ಮಳೆಯ ರಾತ್ರಿ ಏರಿ ಮೇಲೆ ನಿಲ್ಲೋ ನೀರಗಂಟಿ ಎಷ್ಟು ಊರಲ್ಲಿ ಉಳಿದಿದ್ದಾನೆ? ಇದನ್ನ ನಿಮಗೇ ಬಿಡ್ತೀನಿ, ಯಾಕಂದ್ರೆ ಉತ್ತರ ನಿಮ್ಮೂರಲ್ಲಿದೆ.

ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕೆರೆಯಲ್ಲಿ ನೀರಿದೆಯಾ ಅಂತ ಎಲ್ಲರೂ ನೋಡ್ತಾರೆ. ನೀವು ಕೋಡಿ ಎಲ್ಲಿದೆ ಅಂತ ಕೇಳಿ. ಹೋಗಿ ನೋಡಿ. ಅದರ ಬಾಯಿಗೆ ಮಣ್ಣು ಹಾಕಿದ್ದಾರಾ? ನಾಲ್ಕು ದಿನ ಹೆಚ್ಚು ನೀರು ನಿಲ್ಲಲಿ ಅಂತ ಯಾರಾದರೂ ಕಲ್ಲು ಪೇರಿಸಿ ಎತ್ತರ ಮಾಡಿದ್ದಾರಾ? ಕೋಡಿ ಹಳ್ಳದಲ್ಲಿ ಮನೆ ಎದ್ದಿದೆಯಾ? ಏರಿಯ ಹಿಂಭಾಗದಲ್ಲಿ ಒಸರು ಇದ್ದರೆ ಅದು ತಿಳಿಯೋ ಕೆಂಪೋ? ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಕಂಡದ್ದನ್ನ ಪಂಚಾಯ್ತಿಗೆ ಬರೆದು ಕೊಡಿ, ಬರೆದದ್ದಕ್ಕೆ ಮುದ್ರೆ ಹಾಕಿಸಿಕೊಳ್ಳಿ.

ನಿಮ್ಮೂರ ಏರಿಗೆ ಒಂದು ಕಥೆ ಇದ್ದರೆ, ಯಾವ ವರ್ಷ ಕೋಡಿ ಬಿತ್ತು, ಯಾವ ವರ್ಷ ಒಡೆಯಿತು, ಆಗ ಯಾರು ಏನು ಮಾಡಿದರು ಅನ್ನೋದು ಅಜ್ಜ ಅಜ್ಜಿಗೆ ನೆನಪಿದ್ದರೆ, ಬರೆದಿಟ್ಕೊಳ್ಳಿ. ದೆಹಲಿಯ ಯಾವ ಪಟ್ಟಿಯಲ್ಲೂ ಅದು ಸಿಗಲ್ಲ.